‘ಕೀಪ್’ ಎಂದರೆ ‘ಇಡು’ ಎಂಬ ತಪ್ಪು ಕಲ್ಪನೆ

ಇಂಗ್ಲಿಷಿನ ‘ಕೀಪ್’ ಎಂಬ ಕ್ರಿಯಾಪದಕ್ಕೆ ‘ಇಡು’ ಎಂಬುದೇ ಅರ್ಥವೆಂಬ ನಂಬಿಕೆ ಕನ್ನಡಿಗರಲ್ಲಿ ಬಲವಾಗಿ ಬೇರೂರಿದ್ದು, ಪುಸ್ತಕವನ್ನು ಮೇಜಿನ ಮೇಲೆ ಇಡಲು ಹೇಳುವಾಗ ‘ಕೀಪ್ ದ ಬುಕ್ ಆನ್ ದ ಟೇಬಲ್’ ಎಂಬ ವಾಕ್ಯ ಸಲೀಸಾಗಿ ಬಾಯಿಗೆ ಬರುತ್ತದೆ. ಆದರೆ ಕೈಯಲ್ಲಿರುವ ವಸ್ತುವನ್ನು ಒಂದೆಡೆ ಇರಿಸುವ ಕ್ಷಣಮಾತ್ರದ ಕ್ರಿಯೆಗೆ ಬ್ರಿಟಿಷ್ ಮತ್ತು ಅಮೆರಿಕನ್ ಇಂಗ್ಲಿಷಿನಲ್ಲಿ ಸಲ್ಲುವ ಪದ ‘ಪುಟ್’. ಇಟ್ಟ ವಸ್ತು ಅಲ್ಲೇ ಇರುವಂತೆ ಅಥವಾ ತನ್ನ ಬಳಿಯೇ ಉಳಿಯುವಂತೆ ನೋಡಿಕೊಳ್ಳುವುದು ‘ಕೀಪ್’. ಆದ್ದರಿಂದ ಮೇಲಿನ ವಾಕ್ಯವನ್ನು ಕೇಳಿದ ಲಂಡನ್ನಿನವನು, ಪುಸ್ತಕ ಸದಾ ಮೇಜಿನ ಮೇಲೆಯೇ ಇರಬೇಕೆಂದು ಗ್ರಹಿಸುವ ಸಂಭವವಿದೆ. ‘ಕೀಪ್ ದ ಪೆನ್’ ಎಂದರಂತೂ ಪೆನ್ನನ್ನು ತನಗೇ ಕೊಟ್ಟರೆಂದು ಅವನು ಜೇಬಿಗೆ ಸೇರಿಸಿಕೊಂಡರೆ ತಪ್ಪು ಅವನದಲ್ಲ.

ಹಾಗೆಂದು ಈ ಬಳಕೆಯನ್ನು ಬರೀ ಅಜ್ಞಾನವೆಂದು ಹಳಿಯುವುದೂ ಸರಿಯಲ್ಲ. ಕನ್ನಡದ ‘ಇಡು’, ಹಿಂದಿಯ ‘ರಖನಾ’ ಎರಡೂ ಇರಿಸುವ ಕ್ರಿಯೆಗೂ ಕಾಪಿಡುವ ಸ್ಥಿತಿಗೂ ಸಲ್ಲುವುದರಿಂದ, ಭಾರತೀಯ ಇಂಗ್ಲಿಷಿನಲ್ಲಿ ‘ಕೀಪ್’ ಪದವು ‘ಪುಟ್’ ಪದದ ಕೆಲಸವನ್ನೂ ವಹಿಸಿಕೊಂಡಿದೆ, ದೇಶದೊಳಗೆ ಅದರಿಂದ ಗೊಂದಲವೂ ಆಗುವುದಿಲ್ಲ. ಈ ಭೇದವನ್ನು ತೋರುವ ಕಸುವು ಕನ್ನಡಕ್ಕೆ ಇಲ್ಲವೆಂದೂ ಅಲ್ಲ: ‘ದುಡ್ಡು ಇಡು’ ಮತ್ತು ‘ದುಡ್ಡು ಇಟ್ಟುಕೋ’ ಎಂಬ ಎರಡು ಮಾತುಗಳ ಅಂತರ ಮಕ್ಕಳಿಗೂ ತಿಳಿದಿರುವಂಥದು, ಮತ್ತು ಆ ಅಂತರವನ್ನು ತರುವುದು ‘ಕೊಳ್ಳು’ ಎಂಬ ಸಹಾಯಕ ಕ್ರಿಯಾಪದ, ಅಂದರೆ ಮುಖ್ಯ ಕ್ರಿಯೆಗೆ ಹತ್ತಿಕೊಂಡು ಅದರ ಫಲ ಮಾಡುವವನಿಗೇ ಸೇರುತ್ತದೆಂದು ಸೂಚಿಸುವ ಪದ.

‘ಕೀಪ್’ ವಸ್ತುಗಳಿಗಷ್ಟೇ ಸಂಬಂಧಿಸಿದ್ದೆಂಬುದು ಮತ್ತೊಂದು ತಪ್ಪು ತಿಳಿವಳಿಕೆ. ಹಳೆಯ ಇಂಗ್ಲಿಷಿನ ‘ಕೇಪನ್’ ಎಂಬ ಮೂಲರೂಪದಲ್ಲೇ ಹಿಡಿಯುವ ಅರ್ಥದೊಂದಿಗೆ ಗಮನಿಸುವ, ಪಾಲಿಸುವ ಅರ್ಥಗಳೂ ಇದ್ದವು. ಗೋಲ್‌ಕೀಪರ್ ಗೋಲನ್ನು ಕಾಯುವವನೇ ಹೊರತು ಇಡುವವನಲ್ಲ, ಕೊಟ್ಟ ಮಾತನ್ನು ‘ಕೀಪ್’ ಮಾಡುವುದೆಂದರೆ ಉಳಿಸಿಕೊಳ್ಳುವುದು. ಹಾಲು ಎರಡು ದಿನ ‘ಕೀಪ್’ ಆಗುತ್ತದೆ ಎಂಬರ್ಥದ ಇಂಗ್ಲಿಷ್ ವಾಕ್ಯದಲ್ಲಿ ಈ ಕ್ರಿಯಾಪದ ಅಕರ್ಮಕವಾಗಿ, ಅಂದರೆ ಕರ್ಮಪದದ ಹಂಗಿಲ್ಲದೆ, ಕೆಡದೆ ಉಳಿಯುವುದನ್ನು ಹೇಳುತ್ತದೆ. ‘ಕೀಪ್ ವಾಕಿಂಗ್’ ಎಂದರೆ ‘ನಡೆಯುತ್ತಲೇ ಇರು’. ಇಲ್ಲಿ ‘ಕೀಪ್ ಟು ವಾಕ್’ ಎನ್ನುವುದು ವ್ಯಾಕರಣದೋಷ.

ಇಷ್ಟೊಂದು ಅರ್ಥಗಳನ್ನು ‘ಇಡು’ ಒಂದರಲ್ಲೇ ತುರುಕಿ ಕಲಿಸುವುದರಿಂದಲೇ ವಿದ್ಯಾರ್ಥಿಗಳು ಎಡವುತ್ತಾರೆ. ಶಾಲೆಯ ಅಧ್ಯಾಪಕರು ‘ಕೀಪ್’ ಪದವನ್ನು ಪರಿಚಯಿಸುವ ಮೊದಲ ದಿನವೇ ‘ಇಟ್ಟುಕೋ’, ‘ಉಳಿಸಿಕೋ’, ‘ಕಾಯು’, ‘ಮಾಡುತ್ತಲೇ ಇರು’ ಎಂಬ ರೂಪಗಳನ್ನು ವಾಕ್ಯಗಳೊಂದಿಗೆ ಮಕ್ಕಳ ಮುಂದಿಡಬೇಕು.