ಬಾಲನಟನ ಬೀಳ್ಕೊಡುಗೆ

ಶಂಕರನಾರಾಯಣದ ಕಡೆಯ ಯಕ್ಷಗಾನ ಮೇಳಗಳಲ್ಲಿ ಕೋಡಂಗಿಯಾಗಿ ರಂಗವೇರಿದ ಹುಡುಗ ಬಾಲಗೋಪಾಲನಾಗಿ ಕುಣಿದು, ವರ್ಷಗಳು ಉರುಳಿದಂತೆ ಎರಡನೆಯ ವೇಷಧಾರಿಯಾಗುವುದುಂಟು. ಅಲ್ಲಿ ವಯಸ್ಸಿಗೆ ತಕ್ಕ ವೇಷ ಕಾದಿರುತ್ತದೆ. ಕ್ಯಾಮರಾದ ಮುಂದೆ ಬೆಳೆಯುವ ಬಾಲಕನಿಗೆ ಅಂತಹ ಮೆಟ್ಟಿಲುಗಳಿಲ್ಲ.

ಹೆಬ್ರಿ, ಸೋಮೇಶ್ವರಗಳನ್ನು ದಾಟಿ ಘಟ್ಟವನ್ನೇರಿದರೆ ಆಗುಂಬೆ. ಆರ್. ಕೆ. ನಾರಾಯಣರ ಕಲ್ಪನೆಯ ಮಾಲ್ಗುಡಿಗೆ ಶಂಕರನಾಗ್ ಅವರು ರೂಪವಿತ್ತದ್ದು ಇಲ್ಲಿಯೇ. 1986ರಲ್ಲಿ ದೂರದರ್ಶನದಲ್ಲಿ ‘ಮಾಲ್ಗುಡಿ ಡೇಸ್’ ಮೂಡಿಬಂದಾಗ, ಹಿಂದಿಯಾಡುವ ಸ್ವಾಮಿಯಾಗಿ ದೇಶದ ಮನೆಮನೆಯನ್ನೂ ಹೊಕ್ಕವನು ಕನ್ನಡದ ಬಾಲಕ, ಮಾಸ್ಟರ್ ಮಂಜುನಾಥ್. ಜನನ 1976ರ ಡಿಸೆಂಬರ್. ಚಿತ್ರೀಕರಣದ ವೇಳೆಗೆ ಹತ್ತು ತುಂಬಿರಲಿಲ್ಲ. ತಂದೆಯಾಗಿ ಗಿರೀಶ ಕಾರ್ನಾಡ್, ತಾಯಿಯಾಗಿ ವೈಶಾಲಿ ಕಾಸರವಳ್ಳಿ. ಅಂತಹ ಹಿರಿಯರೆದುರು ಆ ಪುಟ್ಟ ಹುಡುಗ ಅಳುಕಲಿಲ್ಲ. ಗಣಿತಕ್ಕೆ ಹೆದರುವ, ಕ್ರಿಕೆಟ್ಟಿಗೆ ಹಿಗ್ಗುವ ಸ್ವಾಮಿಯಲ್ಲಿ ತಂದೆತಾಯಿಗಳು ತಮ್ಮ ಮಕ್ಕಳನ್ನೇ ಕಂಡರು.

1990ರ ‘ಅಗ್ನಿಪಥ್’ ಚಿತ್ರದಲ್ಲಿ ಅಮಿತಾಭ್ ಬಚ್ಚನ್ನರ ಪಾತ್ರದ ಬಾಲ್ಯವನ್ನು ಅಭಿನಯಿಸಿದವನೂ ಈತನೇ. ಮುಗ್ಧ ಸ್ವಾಮಿಯ ಕಣ್ಣುಗಳಲ್ಲಿ ಈಗ ತಂದೆಯನ್ನು ಕಳೆದುಕೊಂಡ ಮಗನ ಕಿಚ್ಚು. ಅದೇ ವರ್ಷದ ಸೆಪ್ಟೆಂಬರ್ 30ರಂದು ದಾವಣಗೆರೆಯ ಬಳಿ ನಡೆದ ರಸ್ತೆ ಅಪಘಾತದಲ್ಲಿ ಶಂಕರನಾಗ್ ತೀರಿಕೊಂಡರು. ಸ್ವಾಮಿಯನ್ನು ರೂಪಿಸಿದ ಕೈ ಇಲ್ಲವಾಯಿತು.

ಹತ್ತೊಂಬತ್ತರ ಸುಮಾರಿಗೆ ಮಂಜುನಾಥ್ ಬಣ್ಣ ಕಳಚಿದರು. ಓದನ್ನು ಮುಂದುವರಿಸಿ ಸಾರ್ವಜನಿಕ ಸಂಪರ್ಕದ ವೃತ್ತಿ ಹಿಡಿದರು. ಕೀರ್ತಿಯ ಹಿಂದೆ ಓಡುವವರ ನಡುವೆ, ಬಂದ ಕೀರ್ತಿಯನ್ನು ಹಿಂದಿಟ್ಟು ನಡೆಯುವುದು ಸುಲಭದ ಮಾತಲ್ಲ. ನಟ ಬೆಳೆದು ದೊಡ್ಡವನಾದ. ಆಗುಂಬೆಯ ದೊಡ್ಡಮನೆಯನ್ನು ನೋಡಬಂದವರ ಕಣ್ಣಿಗೆ ಮಾತ್ರ ಸ್ವಾಮಿ ಇನ್ನೂ ಶಾಲೆಗೆ ತಡವಾದ ಹುಡುಗನೇ!