ಹಗಲಿನ ಕರೆಂಟು ರಾತ್ರಿಗೆ, ರಾತ್ರಿಯಾಚೆಗೆ

ಸೌರ ವಿದ್ಯುತ್ತು ಮಧ್ಯಾಹ್ನ ಬೇಕಾದ್ದಕ್ಕಿಂತ ಹೆಚ್ಚು ಬಂದು, ದೀಪ ಹಚ್ಚುವ ಹೊತ್ತಿಗೆ ನಿಂತುಹೋಗುತ್ತದೆ. ಪಾವಗಡದ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕಿನ ಪಾಡೂ ಇದೇ. ಎರಡು, ನಾಲ್ಕು ಗಂಟೆಯ ಕೊರತೆಯನ್ನು ಲಿಥಿಯಂ ಬ್ಯಾಟರಿ ಸಲೀಸಾಗಿ ತುಂಬಿಕೊಡುತ್ತದೆ. ಹತ್ತು ಗಂಟೆ ಬೇಕೆಂದರೆ ಲೆಕ್ಕ ಬಿಗಡಾಯಿಸುತ್ತದೆ. ಅವಧಿ ಇಮ್ಮಡಿಯಾದರೆ ಬ್ಯಾಟರಿಯ ಸೆಲ್‌ಗಳೂ ಇಮ್ಮಡಿ, ಖರ್ಚೂ ಹೆಚ್ಚುಕಡಿಮೆ ಇಮ್ಮಡಿ. ಆದ್ದರಿಂದ ದೀರ್ಘಾವಧಿ ಸಂಗ್ರಹದ ಹುಡುಕಾಟವೆಲ್ಲ ಶಕ್ತಿಯನ್ನು ಕೂಡಿಡಲು ಅಗ್ಗದ ವಸ್ತು ಯಾವುದು ಎಂಬುದರ ಸುತ್ತಲೇ ಇದೆ.

ಹಳೆಯ ಉತ್ತರ ನೀರು. ಹೆಚ್ಚುವರಿ ಕರೆಂಟಿನಿಂದ ನೀರನ್ನು ಮೇಲಿನ ಜಲಾಶಯಕ್ಕೆ ಎತ್ತಿ, ಬೇಕಾದಾಗ ಕೆಳಗೆ ಬಿಟ್ಟು ಟರ್ಬೈನು ತಿರುಗಿಸುವುದು. ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ ಯೋಜಿಸಿರುವ 2,000 ಮೆಗಾವ್ಯಾಟ್‌ನ ಶರಾವತಿ ಯೋಜನೆ ಈ ಬಗೆಯದು. ತಂತ್ರ ಗಟ್ಟಿಯಾದದ್ದೇ, ಆದರೆ ಬೆಟ್ಟ, ನೀರು ಎರಡೂ ಕೂಡಿಬರುವ ಜಾಗ ಸಿಂಗಳೀಕಗಳ ಕಾಡೂ ಆಗಿರುವುದರಿಂದ ಜಗಳ ತಪ್ಪಿಲ್ಲ.

ಗಾಳಿಯನ್ನು ಒತ್ತಿಟ್ಟು, ಬೇಕಾದಾಗ ಬಿಟ್ಟು ಟರ್ಬೈನು ತಿರುಗಿಸುವುದು ಇನ್ನೊಂದು ದಾರಿ. ಜರ್ಮನಿಯ ಹುಂಟಾರ್ಫ್‌ನಲ್ಲಿ 1978ರಿಂದಲೇ ಭೂಗರ್ಭದ ಉಪ್ಪಿನ ಗವಿಗಳಲ್ಲಿ ಗಾಳಿ ತುಂಬುತ್ತಿದ್ದಾರೆ. ಅಂಥ ಗವಿಗಳು ಎಲ್ಲ ಕಡೆ ಸಿಗುವುದಿಲ್ಲ. ಗಾಳಿಯ ಬದಲು ಇಂಗಾಲದ ಡೈಆಕ್ಸೈಡನ್ನು ಬಳಸಿದರೆ ಗವಿಯೇ ಬೇಡ. ಈ ಅನಿಲ ವಾತಾವರಣದ ಸುಮಾರು 70 ಪಟ್ಟು ಒತ್ತಡದಲ್ಲಿ, ಸಾಮಾನ್ಯ ಉಷ್ಣತೆಯಲ್ಲೇ ದ್ರವವಾಗುತ್ತದೆ. ಉಕ್ಕಿನ ಟ್ಯಾಂಕುಗಳಲ್ಲಿ ಹಿಡಿದಿಡಬಹುದು. ಇಟಲಿಯ ಎನರ್ಜಿ ಡೋಮ್ ಕಂಪನಿ ಸಾರ್ಡೀನಿಯಾದಲ್ಲಿ ಇದನ್ನು ನಡೆಸಿ ತೋರಿಸಿದೆ. ಅನಿಲ ದೊಡ್ಡದೊಂದು ಬಟ್ಟೆಯ ಗುಮ್ಮಟದಲ್ಲಿರುತ್ತದೆ. ಹಗಲು ಕಂಪ್ರೆಸರ್ ಅದನ್ನು ಒತ್ತುತ್ತದೆ, ಆಗ ಹುಟ್ಟುವ ಶಾಖವನ್ನೂ ತೆಗೆದಿಡಲಾಗುತ್ತದೆ. ರಾತ್ರಿ ಅದೇ ಶಾಖ ಕೊಟ್ಟು ದ್ರವವನ್ನು ಅನಿಲವಾಗಿಸಿ ಟರ್ಬೈನಿಗೆ ನುಗ್ಗಿಸಿದರೆ, ಅದನ್ನು ತಿರುಗಿಸಿದ ಅನಿಲ ಮರಳಿ ಗುಮ್ಮಟ ಸೇರುತ್ತದೆ. ಹೊರಗೆ ಏನೂ ಹೋಗುವುದಿಲ್ಲ. ವಿಜಯಪುರ ಜಿಲ್ಲೆಯ ಕೂಡಗಿಯಲ್ಲಿ ಇಂಥದೇ ಘಟಕ ಕಟ್ಟಲು ಎನ್‌ಟಿಪಿಸಿ 2025ರಲ್ಲಿ ಬೆಂಗಳೂರಿನ ತ್ರಿವೇಣಿ ಟರ್ಬೈನ್‌ಗೆ ಗುತ್ತಿಗೆ ಕೊಟ್ಟಿತು. ಸಾಮರ್ಥ್ಯ 160 ಮೆಗಾವ್ಯಾಟ್-ಗಂಟೆ, ಅಂದರೆ 1.6 ಲಕ್ಷ ಯುನಿಟ್. ಗೋಲಗುಮ್ಮಟದ ಜಿಲ್ಲೆಗೆ ಇನ್ನೊಂದು ಗುಮ್ಮಟ! ಆದರೆ ಅಲ್ಲಿನ ಬಿಸಿಲನ್ನು ಮರೆಯುವಂತಿಲ್ಲ. 31 ಡಿಗ್ರಿ ದಾಟಿದರೆ ಈ ಅನಿಲ ಎಷ್ಟೇ ಒತ್ತಿದರೂ ದ್ರವವಾಗದು. ಹೀಗಾಗಿ ಬೇಸಿಗೆಯಲ್ಲಿ ತಂಪುಮಾಡುವ ವ್ಯವಸ್ಥೆಗೆ ಕೈತುಂಬ ಕೆಲಸ.

ಮತ್ತೊಂದು ದಾರಿ ಶಕ್ತಿಯನ್ನು ಟ್ಯಾಂಕುಗಳ ದ್ರವದಲ್ಲೇ ಕೂಡಿಡುವ ವನೇಡಿಯಂ ಫ್ಲೋ ಬ್ಯಾಟರಿ. ಇದು 1980ರ ದಶಕದಲ್ಲಿ ಆಸ್ಟ್ರೇಲಿಯಾದಲ್ಲಿ ರೂಪುಗೊಂಡಿತು. ಚೀನಾದ ಡಾಲಿಯನ್‌ನಲ್ಲಿ 2022ರಲ್ಲಿ 400 ಮೆಗಾವ್ಯಾಟ್-ಗಂಟೆಯದು ಶುರುವಾಯಿತು. ಬಾಳಿಕೆ ಚೆನ್ನ, ಆದರೆ ವನೇಡಿಯಂ ಲೋಹ ತುಟ್ಟಿ.

ದಿನಗಟ್ಟಲೆ ಮೋಡ ಕವಿದರೆ ಇವೂ ಸಾಲವು. ಅದಕ್ಕೆ ಅಮೆರಿಕದ ಫಾರ್ಮ್ ಎನರ್ಜಿ ಕಂಪನಿ ನೆಚ್ಚಿರುವುದು ತುಕ್ಕನ್ನು. ಕಬ್ಬಿಣ ಗಾಳಿಯ ಆಮ್ಲಜನಕ ಹೀರಿ ತುಕ್ಕು ಹಿಡಿಯುವಾಗ ಕರೆಂಟು ಬರುತ್ತದೆ. ಚಾರ್ಜ್ ಮಾಡಿದರೆ ತುಕ್ಕು ಮತ್ತೆ ಕಬ್ಬಿಣ. 100 ಗಂಟೆ ನಡೆಯುವಂತೆ ಇದನ್ನು ರೂಪಿಸಲಾಗಿದೆ. ಹಾಕಿದ ವಿದ್ಯುತ್ತಿನಲ್ಲಿ ವಾಪಸು ಬರುವುದು ಅರ್ಧಕ್ಕಿಂತಲೂ ಕಡಿಮೆ. ಲಿಥಿಯಂ ಆದರೆ ನೂರಕ್ಕೆ ಎಂಬತ್ತೈದರಷ್ಟು ಮರಳಿಸುತ್ತದೆ. ಹೇಗೂ ಪೋಲಾಗುವ ಬಿಸಿಲಿನ ಕರೆಂಟನ್ನು ತುಂಬುವುದಾದರೆ ಈ ನಷ್ಟ ದೊಡ್ಡದಲ್ಲ, ಕಬ್ಬಿಣದ ಅಗ್ಗದ ಬೆಲೆಯೇ ದೊಡ್ಡದು. ತೊಡಕಿರುವುದು ವ್ಯವಹಾರದಲ್ಲಿ. ವರ್ಷಕ್ಕೆ ಕೆಲವೇ ಸಲ ಪೂರ್ತಿ ಬಳಕೆಯಾಗುವ ಬ್ಯಾಟರಿ ಯುನಿಟ್ ಲೆಕ್ಕದ ಮಾರಾಟದಿಂದ ಅಸಲು ಹುಟ್ಟಿಸಲಾರದು; ಸುಮ್ಮನೆ ಸಜ್ಜಾಗಿ ನಿಂತಿರುವುದಕ್ಕೂ ವಿದ್ಯುತ್ ಕಂಪನಿಗಳು ಬಾಡಿಗೆ ಕೊಡುವ ಕರಾರು ಇದ್ದರಷ್ಟೇ ಅದು ಬದುಕುತ್ತದೆ.