‘ಕರೆಂಟ್ ಕೊಡುವ’ ಚಿಕಿತ್ಸೆ: ತಪ್ಪು ಕಲ್ಪನೆ ಮತ್ತು ಸತ್ಯ

ತೀವ್ರ ಖಿನ್ನತೆ ಮತ್ತು ಬೈಪೋಲಾರ್ ಕಾಯಿಲೆಗೆ ಕೊಡುವ ಇಸಿಟಿ (ಎಲೆಕ್ಟ್ರೋಕನ್ವಲ್ಸಿವ್ ಥೆರಪಿ) ಚಿಕಿತ್ಸೆಗೆ ಜನರ ಬಾಯಲ್ಲಿ ಉಳಿದಿರುವ ಹೆಸರು ‘ಕರೆಂಟ್ ಶಾಕ್’. 1938ರಲ್ಲಿ ರೋಮ್ ನಗರದಲ್ಲಿ ಉಗೊ ಚೆರ್ಲೆಟ್ಟಿ ಮತ್ತು ಲೂಚಿಯೊ ಬಿನಿ ಇದನ್ನು ಮೊದಲು ಪ್ರಯೋಗಿಸಿದಾಗ ಅರಿವಳಿಕೆ ಕೊಡುತ್ತಿರಲಿಲ್ಲ. ಅಂದಿನ ಭಯವೇ ಇಂದಿಗೂ ಬೆಂಗಳೂರಿನ ರಾಜಾಜಿನಗರದಿಂದ ಕೆಂಗೇರಿಯವರೆಗಿನ ಎಷ್ಟೋ ಮನೆಗಳಲ್ಲಿ ಚಿಕಿತ್ಸೆಯನ್ನು ತಡಮಾಡಿಸುತ್ತದೆ.

ತಪ್ಪು ಕಲ್ಪನೆ: ರೋಗಿ ಎಚ್ಚರವಾಗಿರುವಾಗಲೇ ಶಾಕ್ ಕೊಡುತ್ತಾರೆ.
ಸತ್ಯ: 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧವಿಲ್ಲದ ಇಸಿಟಿಯನ್ನು ನಿಷೇಧಿಸಿದೆ. ಅಪ್ರಾಪ್ತರಿಗೆ ಕೊಡಬೇಕಾದರೆ ಪೋಷಕರ ಒಪ್ಪಿಗೆಯ ಜೊತೆಗೆ ಇದೇ ಕಾಯ್ದೆಯಡಿಯ ಪರಿಶೀಲನಾ ಮಂಡಳಿಯ ಪೂರ್ವಾನುಮತಿಯೂ ಬೇಕು. ರೋಗಿ ನಿದ್ರೆಗೆ ಜಾರಿದ ಮೇಲೆ ಕೆಲವೇ ಸೆಕೆಂಡು ವಿದ್ಯುತ್ ಹರಿಸಲಾಗುತ್ತದೆ, ನೋವು ತಿಳಿಯುವುದಿಲ್ಲ.

ತಪ್ಪು ಕಲ್ಪನೆ: ವಿದ್ಯುತ್ತಿನ ಹೊಡೆತವೇ ಚಿಕಿತ್ಸೆ.
ಸತ್ಯ: ಗುಣ ಕೊಡುವುದು ವಿದ್ಯುತ್ತಲ್ಲ, ಅದು ಮಿದುಳಿನಲ್ಲಿ ಎಬ್ಬಿಸುವ, ಸಾಮಾನ್ಯವಾಗಿ ಒಂದು ನಿಮಿಷದೊಳಗೆ ಮುಗಿಯುವ ಸೆಳವು. ಸ್ನಾಯುಗಳು ಸಡಿಲವಾಗಿರುವುದರಿಂದ ಮೈ ಹೆಚ್ಚು ಅದುರುವುದಿಲ್ಲ. ಸೆಳವು ಮನಸ್ಸಿನ ಸ್ಥಿತಿಯನ್ನು ಹೇಗೆ ಸರಿಪಡಿಸುತ್ತದೆ ಎಂಬುದು ವಿಜ್ಞಾನಕ್ಕೆ ಇನ್ನೂ ಪೂರ್ತಿ ತಿಳಿದಿಲ್ಲ.

ತಪ್ಪು ಕಲ್ಪನೆ: ಇದು ಕಾಲ ಮೀರಿದ, ಉಪಯೋಗವಿಲ್ಲದ ಪದ್ಧತಿ.
ಸತ್ಯ: ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತೀವ್ರ ಖಿನ್ನತೆಯ 45 ರೋಗಿಗಳ ಮೇಲೆ ನಡೆದ, 2000ದಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನಾಲ್ಕು ವಾರಗಳ ಬಳಿಕ ಇಸಿಟಿ ಪಡೆದವರಲ್ಲಿ ಶೇ 93, ಇಮಿಪ್ರಮೀನ್ ಮಾತ್ರೆ ಪಡೆದವರಲ್ಲಿ ಶೇ 73, ಸುದರ್ಶನ ಕ್ರಿಯೆ ಎಂಬ ಉಸಿರಾಟದ ಅಭ್ಯಾಸ ಮಾಡಿದವರಲ್ಲಿ ಶೇ 67 ಮಂದಿಯ ಖಿನ್ನತೆ ಶಮನಗೊಂಡಿತ್ತು. ರೋಗಿ ಊಟ, ನೀರು ಬಿಟ್ಟಾಗ, ಆತ್ಮಹತ್ಯೆಯ ಅಪಾಯ ಎದುರಾದಾಗ ಮಾತ್ರೆ ಕೆಲಸ ಮಾಡುವವರೆಗೆ ವಾರಗಟ್ಟಲೆ ಕಾಯುವಂತಿಲ್ಲ. ಅಲ್ಲಿ ಬೇಗ ಫಲ ಕೊಡುವ ಇಸಿಟಿ ಜೀವ ಉಳಿಸುತ್ತದೆ.

ತಪ್ಪು ಕಲ್ಪನೆ: ನೆನಪೆಲ್ಲ ಅಳಿಸಿಹೋಗುತ್ತದೆ.
ಸತ್ಯ: ಮರೆವು ಇದರ ನಿಜವಾದ ಅಡ್ಡಪರಿಣಾಮ, ಅದನ್ನು ಮುಚ್ಚಿಡಬಾರದು. ಹೊಸದನ್ನು ನೆನಪಿಟ್ಟುಕೊಳ್ಳುವ ತೊಂದರೆ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಸರಿಹೋಗುತ್ತದೆ. ಆದರೆ ಚಿಕಿತ್ಸೆಯ ಆಸುಪಾಸಿನ ಕೆಲವು ನೆನಪುಗಳು ಕೆಲವರಿಗೆ ಮರಳುವುದೇ ಇಲ್ಲ. ತಲೆಯ ಒಂದೇ ಬದಿಗೆ ವಿದ್ಯುತ್ ಕೊಟ್ಟರೆ ಮರೆವು ಕಡಿಮೆ. ಗುರುತು, ಬುದ್ಧಿ, ಕಲಿತ ಕಸುಬು ಹಾಗೆಯೇ ಉಳಿಯುತ್ತವೆ.

ತಪ್ಪು ಕಲ್ಪನೆ: ಒಮ್ಮೆ ಮಾಡಿಸಿದರೆ ಕಾಯಿಲೆ ಮತ್ತೆ ಬಾರದು.
ಸತ್ಯ: ವಾರಕ್ಕೆ ಎರಡು ಮೂರು ಸಲದಂತೆ ಸಾಮಾನ್ಯವಾಗಿ 6ರಿಂದ 12 ಬಾರಿ ಇಸಿಟಿ ಕೊಡಲಾಗುತ್ತದೆ. ಆಮೇಲೆ ಮಾತ್ರೆ ನಿಲ್ಲಿಸಿದರೆ ಕಾಯಿಲೆ ಮರುಕಳಿಸುವ ಸಂಭವ ಹೆಚ್ಚು. ಆದ್ದರಿಂದ ಲಿಥಿಯಂ ಅಥವಾ ಖಿನ್ನತೆಯ ಮಾತ್ರೆ ಮುಂದುವರಿಯುತ್ತದೆ. ಕೆಲವರಿಗೆ ದೀರ್ಘ ಅಂತರದಲ್ಲಿ ಇಸಿಟಿಯೂ ಬೇಕಾಗುತ್ತದೆ.